ಪ್ರೊಪೆಲ್ಲರ್ ಶಾಫ್ಟ್ ಯಾವುದರದ್ದಿರಬೇಕು? ಮೊದಲು ಟೇಪ್ ಹಿಡಿದು ಉದ್ದ ಅಳೆಯಿರಿ

ಎಂಜಿನ್ನಿನ ಶಕ್ತಿ ಜಾಸ್ತಿ ಮಾಡಿಸಿದವರೆಲ್ಲ ಒಂದಲ್ಲ ಒಂದು ದಿನ ಕಾರಿನ ಅಡಿಗೆ ತೂರುತ್ತಾರೆ. ಅಲ್ಲಿ ಗೇರ್ ಬಾಕ್ಸಿನ ಬಾಲದಿಂದ, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಒಂದು ಉದ್ದನೆಯ ಕೊಳವೆ ಹೋಗಿರುತ್ತದೆ, ಅದೇ ಪ್ರೊಪೆಲ್ಲರ್ ಶಾಫ್ಟ್. ಕಂಪನಿಯಿಂದ ಬಂದದ್ದು, ಧೂಳು ಮೆತ್ತಿದ್ದು, ಅಲ್ಲಲ್ಲಿ ತುಕ್ಕು ಹಿಡಿದದ್ದು. ನೋಡಿದ ಕೂಡಲೇ ಹುಟ್ಟುವ ಪ್ರಶ್ನೆ: "ಇದು ತಡೆಯುತ್ತಾ?" ಅದರ ಬೆನ್ನಿಗೇ ಇನ್ನೊಂದು: "ಅಲ್ಯೂಮಿನಿಯಂ ಹಾಕಿಸಲಾ, ಕಾರ್ಬನ್ ಹಾಕಿಸಲಾ?"

ಎರಡೂ ಕೇಳಬೇಕಾದ ಪ್ರಶ್ನೆಗಳೇ. ನಡುವೆ ಒಂದು ಬಿಟ್ಟುಹೋಗಿದೆ ಅಷ್ಟೆ. ಈ ಶಾಫ್ಟ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ? ಯಾವ ವಸ್ತು ಬೇಕು ಅನ್ನುವುದು ಬಹುಪಾಲು ತೀರ್ಮಾನವಾಗುವುದು ಅಲ್ಲೇ. ತಡೆಯುತ್ತಾ ಇಲ್ಲವಾ ಅನ್ನುವ ಚಿಂತೆ, ನಿಜ ಹೇಳಬೇಕೆಂದರೆ, ಜನ ಅಂದುಕೊಂಡಷ್ಟು ದೊಡ್ಡದಲ್ಲ.

ಮಾತು ಗೊಂದಲವಾಗಬಾರದು, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಎಡಕ್ಕೂ ಬಲಕ್ಕೂ ಹೋಗುವ ಗಿಡ್ಡ ಸರಳುಗಳಿಗೂ ಡ್ರೈವ್ ಶಾಫ್ಟ್ ಅನ್ನುತ್ತಾರೆ. ಅಲ್ಲಿ ಜಾಗ ಕಡಿಮೆ, ತಿರುಚುವ ಬಲ ತುಂಬ ಜಾಸ್ತಿ, ವೇಗ ಕಡಿಮೆ. ಅದಕ್ಕೆ ಗಟ್ಟಿ ಮಿಶ್ರಲೋಹದ ಉಕ್ಕು ಬಿಟ್ಟರೆ ಬೇರೆ ದಾರಿ ಹೆಚ್ಚೇನಿಲ್ಲ. ನಾನಿಲ್ಲಿ ಮಾತಾಡುತ್ತಿರುವುದು ಎಂಜಿನ್ ಮುಂದಿದ್ದು ಹಿಂದಿನ ಚಕ್ರ ತಿರುಗುವ ಕಾರಿನ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಬಗ್ಗೆ.

ತಿರುಚುವ ಬಲ: ಭಯಕ್ಕಿಂತ ಲೆಕ್ಕ ಒಳ್ಳೆಯದು

ಎಂಜಿನ್ ಕೊಡುವ ಟಾರ್ಕ್, ಅಂದರೆ ತಿರುಚುವ ಬಲ, ನೇರವಾಗಿ ಶಾಫ್ಟಿಗೆ ಬರುವುದಿಲ್ಲ. ಗೇರ್ ಬಾಕ್ಸ್ ಅದನ್ನು ಗುಣಿಸಿ ಕಳಿಸುತ್ತದೆ. ಎಂಜಿನ್ 600 ನ್ಯೂಟನ್ ಮೀಟರ್ ಕೊಡುತ್ತದೆ, ಮೊದಲ ಗೇರಿನ ಅನುಪಾತ 3 ಅಂದುಕೊಳ್ಳಿ. ಶಾಫ್ಟಿನ ಮೇಲೆ ಬೀಳುವುದು 1,800. ಎಂಜಿನ್ನಿನ ಅಂಕಿಯನ್ನಷ್ಟೇ ನೋಡಿ ಶಾಫ್ಟ್ ಆರಿಸಿದರೆ ಮೊದಲ ಹೆಜ್ಜೆಯಲ್ಲೇ ಮೂರು ಪಟ್ಟು ತಪ್ಪು.

ಈ 1,800 ನ್ಯೂಟನ್ ಮೀಟರನ್ನು 76 ಮಿ.ಮೀ. ದಪ್ಪದ, ಗೋಡೆ 2.1 ಮಿ.ಮೀ. ಇರುವ ಉಕ್ಕಿನ ಕೊಳವೆಯ ಮೇಲೆ ಹಾಕಿ ನೋಡೋಣ. ಕೊಳವೆಯ ಹೊರ ಮೈಯಲ್ಲಿ ಹುಟ್ಟುವ ಒತ್ತಡ ಸುಮಾರು 100 ಮೆಗಾಪಾಸ್ಕಲ್. ಒಳ್ಳೆ ದರ್ಜೆಯ ಸಾಧಾರಣ ಉಕ್ಕಿನ ಕೊಳವೆ ಇದರ ಎರಡು ಪಟ್ಟಿಗಿಂತ ಜಾಸ್ತಿ ತಡೆದುಕೊಳ್ಳುತ್ತದೆ. ಅಂದರೆ ನೀವು ಅನುಮಾನಪಟ್ಟ ಆ ತುಕ್ಕು ಹಿಡಿದ ಕೊಳವೆಗೆ ಇದು ಮೈಮುರಿಯುವ ಕೆಲಸವೇನಲ್ಲ.

ಇನ್ನೊಂದು ವಿಷಯ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಶಾಫ್ಟಿನ ಆಚೆ ತುದಿಯಲ್ಲಿ ಟೈರ್ ಇದೆ. ಟೈರ್ ಜಾರಿದ ಮೇಲೆ ಶಾಫ್ಟಿಗೆ ಅದಕ್ಕಿಂತ ಜಾಸ್ತಿ ಬಲ ಬೀಳಲು ಆಧಾರವೇ ಇರುವುದಿಲ್ಲ. ಕಾರು ಮುಂದಕ್ಕೆ ಚಿಮ್ಮುವಾಗ ಹಿಂದಿನ ಎರಡು ಚಕ್ರಗಳ ಮೇಲೆ 1,000 ಕಿಲೋ ಭಾರ ಇದೆ ಅಂದುಕೊಳ್ಳಿ. ರಸ್ತೆಯ ಒಳ್ಳೆಯ ಟೈರಿನ ಹಿಡಿತ ಭಾರದ 1.1 ಪಟ್ಟು, ಚಕ್ರದ ತ್ರಿಜ್ಯ 33 ಸೆಂ.ಮೀ.ಗೆ ಸ್ವಲ್ಪ ಕಡಿಮೆ, ಡಿಫರೆನ್ಷಿಯಲ್ ಅನುಪಾತ 3.73 (ಚಕ್ರ ಒಂದು ಸುತ್ತು ಹಾಕಲು ಶಾಫ್ಟ್ 3.73 ಸುತ್ತು). ಗುಣಿಸಿ ಭಾಗಿಸಿದರೆ ಶಾಫ್ಟ್ ಹೊರಬೇಕಾದದ್ದು ಸುಮಾರು 950 ನ್ಯೂಟನ್ ಮೀಟರ್ ಮಾತ್ರ. ಎಂಜಿನ್ 1,800 ಕಳಿಸಲು ಸಿದ್ಧವಿದ್ದರೂ ಟೈರ್ ಅಷ್ಟನ್ನು ಒಪ್ಪಿಕೊಳ್ಳುವುದಿಲ್ಲ, ಹೊಗೆ ಎಬ್ಬಿಸಿ ಜಾರುತ್ತದೆ. ಮನೆಯ ವೈರಿಂಗ್‌ನಲ್ಲಿ ಫ್ಯೂಸ್ ಇದ್ದ ಹಾಗೆ.

ಫ್ಯೂಸ್ ಬದಲಾಯಿಸಿದರೆ ಕಥೆ ಬೇರೆ. ಡ್ರ್ಯಾಗ್ ರೇಸಿನ ಅಂಟುವ ಮೆತ್ತನೆ ಟೈರ್ ಹಾಕಿದರೆ ಹಿಡಿತ ಹೆಚ್ಚುತ್ತದೆ. ಜೊತೆಗೆ ಕಾರಿನ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ. ಶಾಫ್ಟಿನ ಮೇಲಿನ ಬಲ ಎರಡು ಮೂರು ಪಟ್ಟಾಗುತ್ತದೆ. ಕ್ಲಚ್ಚನ್ನು ಧಡಕ್ಕನೆ ಬಿಟ್ಟಾಗ ಫ್ಲೈವೀಲಿನಲ್ಲಿ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ಕೂಡಿಟ್ಟಿದ್ದ ಶಕ್ತಿಯೂ ಸುತ್ತಿಗೆ ಏಟಿನ ಹಾಗೆ ಬಂದು ಸೇರಿಕೊಳ್ಳುತ್ತದೆ. ಆದ್ದರಿಂದ "ನನ್ನ ಕಾರು ಇಷ್ಟು ಹಾರ್ಸ್‌ಪವರ್, ಯಾವ ಶಾಫ್ಟ್ ಹಾಕಲಿ?" ಅಂತ ಕೇಳಿದವರಿಗೆ "ಯಾವ ಟೈರ್ ಹಾಕಿದ್ದೀರಿ?" ಅಂತ ತಿರುಗಿ ಕೇಳುವುದು ಉಡಾಫೆ ಅಲ್ಲ.

ಮುರಿದಾಗಲೂ ಸಾಮಾನ್ಯವಾಗಿ ಮುರಿಯುವುದು ಕೊಳವೆಯಲ್ಲ. ಎರಡೂ ತುದಿಯಲ್ಲಿರುವ ಕ್ರಾಸ್ (ಓರೆಯಿದ್ದರೂ ತಿರುಗಲು ಬಿಡುವ ಪ್ಲಸ್ ಆಕಾರದ ಕೀಲು), ಅದನ್ನು ಹಿಡಿದಿರುವ ಯೋಕಿನ, ಅಂದರೆ ಕವಲಿನ, ಕಿವಿಗಳು, ಇಲ್ಲವೇ ಬೆಸುಗೆ ಹಾಕಿದ ಜಾಗ. ಕ್ರಾಸುಗಳಲ್ಲಿ 1310, 1330, 1350 ಅಂತ ಅಳತೆಗಳಿವೆ. ಅಂಕಿ ದೊಡ್ಡದಾದಷ್ಟೂ ಕ್ರಾಸ್ ಗಟ್ಟಿ. ಕಾರ್ಬನ್ ಕೊಳವೆಗೆ ಕೈತುಂಬ ದುಡ್ಡು ಸುರಿದು ಚಿಕ್ಕ ಕ್ರಾಸ್ ಹಾಕಿಸಿದರೆ, ದಪ್ಪ ಹಗ್ಗ ತಂದು ತುದಿಗೆ ನೂಲು ಕಟ್ಟಿದ ಹಾಗೆ.

ಅಸಲಿ ಶತ್ರು: ವೇಗ

ಸ್ಕಿಪ್ಪಿಂಗ್ ಹಗ್ಗ ನೆನಪಿದೆಯಲ್ವಾ? ಇಬ್ಬರು ಎರಡು ತುದಿ ಹಿಡಿದು ತಿರುಗಿಸಿದರೆ ಹಗ್ಗದ ಮಧ್ಯಭಾಗ ಹೊರಕ್ಕೆ ಉಬ್ಬುತ್ತದೆ. ಶಾಫ್ಟಿಗೂ ಹೀಗೇ ಆಗುವ ಒಂದು ವೇಗವಿದೆ. ಎಷ್ಟೇ ನೇರವಾಗಿ ಮಾಡಿದರೂ ಯಾವ ಕೊಳವೆಯೂ ಕೂದಲೆಳೆಯಷ್ಟೂ ಡೊಂಕಿಲ್ಲದೆ ಇರುವುದಿಲ್ಲ. ತಿರುಗುವಾಗ ಆ ಡೊಂಕು ಹೊರಕ್ಕೆ ಎಳೆಯಲ್ಪಡುತ್ತದೆ. ಕೊಳವೆ ತನ್ನ ಬಿಗಿತದಿಂದ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ವೇಗ ಏರುತ್ತಾ ಹೋದರೆ ಒಂದು ಹಂತದಲ್ಲಿ ಹೊರಗಿನ ಎಳೆತ ಗೆಲ್ಲುತ್ತದೆ. ಬಾಗಿದಷ್ಟೂ ಎಳೆತ ಜಾಸ್ತಿ, ಎಳೆತ ಜಾಸ್ತಿಯಾದಷ್ಟೂ ಇನ್ನೂ ಬಾಗು. ಇದೆಲ್ಲ ಕೆಲವೇ ಕ್ಷಣದ ಆಟ. ಕೊಳವೆ ಬಿಲ್ಲಿನಂತೆ ಬಾಗಿ ಕಾರಿನ ತಳಕ್ಕೆ ಬಡಿದು ಕಿತ್ತು ಬರುತ್ತದೆ. ಈ ಹಂತಕ್ಕೆ ಕ್ರಿಟಿಕಲ್ ಸ್ಪೀಡ್ ಅನ್ನುತ್ತಾರೆ.

ಇದನ್ನು ನಿರ್ಧರಿಸುವ ಸೂತ್ರದಲ್ಲಿ ಮೂರೇ ಮುಖ್ಯ ಪಾತ್ರಗಳು. ಒಂದು ಉದ್ದ, ಅದೂ ವರ್ಗವಾಗಿ. ಉದ್ದ ಅರ್ಧವಾದರೆ ಕ್ರಿಟಿಕಲ್ ಸ್ಪೀಡ್ ನಾಲ್ಕು ಪಟ್ಟು. ಎರಡನೆಯದು ಕೊಳವೆಯ ವ್ಯಾಸ. ವ್ಯಾಸ ಎಷ್ಟು ಪಟ್ಟು ಹೆಚ್ಚಾಯಿತೋ ವೇಗವೂ ಅಷ್ಟೇ ಪಟ್ಟು ಹೆಚ್ಚು. ಮೂರನೆಯದು ವಸ್ತು. ಆದರೆ ವಸ್ತುವಿನ ಬಲ ಅಲ್ಲ, ಅದರ ಬಿಗಿತವನ್ನು, ಅಂದರೆ ಬಾಗದೆ ನಿಲ್ಲುವ ಗುಣವನ್ನು, ಸಾಂದ್ರತೆಯಿಂದ ಭಾಗಿಸಿ ಬಂದದ್ದರ ವರ್ಗಮೂಲ. ಗೋಡೆಯ ದಪ್ಪ? ಅದರ ಪಾತ್ರ ಇಲ್ಲವೆಂದರೂ ನಡೆಯುತ್ತದೆ. ಗೋಡೆ ದಪ್ಪ ಮಾಡಿದರೆ ಬಿಗಿತ ಹೆಚ್ಚುತ್ತದೆ, ತೂಕವೂ ಅಷ್ಟೇ ಹೆಚ್ಚುತ್ತದೆ, ಒಂದಕ್ಕೊಂದು ವಜಾ.

ಈಗ ಸ್ವಾರಸ್ಯ ನೋಡಿ. ಉಕ್ಕಿನ ಬಿಗಿತ ಸುಮಾರು 205 ಗಿಗಾಪಾಸ್ಕಲ್, ಸಾಂದ್ರತೆ ಘನ ಮೀಟರಿಗೆ 7,850 ಕಿಲೋ. ಅಲ್ಯೂಮಿನಿಯಂ: 69 ಮತ್ತು 2,700. ಟೈಟಾನಿಯಂ: 114 ಮತ್ತು 4,430. ಕ್ಯಾಲ್ಕುಲೇಟರ್ ತೆಗೆದುಕೊಂಡು ಭಾಗಿಸಿ, ಬಂದದ್ದನ್ನು ಸಾವಿರದಿಂದ ಗುಣಿಸಿ. ಉಕ್ಕಿಗೆ 26, ಅಲ್ಯೂಮಿನಿಯಮ್ಮಿಗೆ 26ಕ್ಕೆ ಸ್ವಲ್ಪ ಕಡಿಮೆ, ಟೈಟಾನಿಯಮ್ಮಿಗೂ ಅಷ್ಟೆ. ಪ್ರಕೃತಿ ಮೂರಕ್ಕೂ ಒಂದೇ ಅಂಕ ಕೊಟ್ಟು ಕೂರಿಸಿದೆ. ಒಂದೇ ಉದ್ದ, ಒಂದೇ ವ್ಯಾಸದ ಉಕ್ಕಿನ ಕೊಳವೆಯೂ ಅಲ್ಯೂಮಿನಿಯಂ ಕೊಳವೆಯೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹುಚ್ಚೆದ್ದು ಕುಣಿಯುತ್ತವೆ. ಹಗುರ ಲೋಹ ಹಾಕಿದರೆ ಜಾಸ್ತಿ ವೇಗ ತಡೆಯುತ್ತದೆ ಅನ್ನುವ ಮಾತು ಅದರಷ್ಟಕ್ಕೇ ಸುಳ್ಳು.

ಹಾಗಿದ್ದರೆ ಅಲ್ಯೂಮಿನಿಯಂ ಶಾಫ್ಟುಗಳಿಗೆ ಆ ಹೆಸರು ಯಾಕೆ ಬಂತು? ಅವು ದಪ್ಪ ಇರುತ್ತವೆ, ಅದಕ್ಕೆ. ಉಕ್ಕಿನದು 76 ಮಿ.ಮೀ. ಇದ್ದರೆ ಅಲ್ಯೂಮಿನಿಯಮ್ಮಿನದು ಸಾಮಾನ್ಯವಾಗಿ 89 ಅಥವಾ 102. ಹಗುರವಾಗಿರುವುದರಿಂದ ದಪ್ಪ ಮಾಡಿದರೂ ತೂಕ ಹೆಚ್ಚಾಗುವುದಿಲ್ಲ. ಲಾಭ ಬಂದದ್ದು ವ್ಯಾಸದಿಂದ, ಹೆಸರು ಬಂದದ್ದು ಲೋಹಕ್ಕೆ.

ಲೆಕ್ಕಕ್ಕೆ 1.5 ಮೀಟರ್ ಉದ್ದದ, ಒಂದೇ ತುಂಡಿನ ಶಾಫ್ಟ್ ತೆಗೆದುಕೊಳ್ಳೋಣ. 76 ಮಿ.ಮೀ. ಉಕ್ಕಿಗೆ ಕ್ರಿಟಿಕಲ್ ಸ್ಪೀಡ್ ಸುಮಾರು 5,600 ಆರ್‌ಪಿಎಂ (ನಿಮಿಷಕ್ಕೆ ಸುತ್ತು). 89 ಮಿ.ಮೀ. ಅಲ್ಯೂಮಿನಿಯಮ್ಮಿಗೆ 6,400, ಅದೇ 102 ಮಿ.ಮೀ. ಆದರೆ 7,400. ಇದು ಕಾಗದದ ಮೇಲಿನ ಮಾತು. ನಿಜವಾದ ಕಾರಿನಲ್ಲಿ ಗೇರ್ ಬಾಕ್ಸಿನ ರಬ್ಬರ್ ಮೌಂಟ್, ಸವೆದ ಬುಷ್, ಕ್ರಾಸಿನ ಸಡಿಲ ಎಲ್ಲ ಸೇರಿ ಈ ಅಂಕಿ ಇನ್ನೂ ಕೆಳಗಿಳಿಯುತ್ತದೆ. ಹಾಗಾಗಿ ಅನುಭವಸ್ಥರು ಲೆಕ್ಕದ ಮುಕ್ಕಾಲು ಪಾಲನ್ನು ಮಾತ್ರ ನಂಬುತ್ತಾರೆ. ಅಂದರೆ ಕ್ರಮವಾಗಿ 4,200, 4,800, 5,550.

ಈ ಅಂಕಿಗಳನ್ನು ಕಾರಿನ ವೇಗಕ್ಕೆ ತಿರುಗಿಸಿದಾಗಲೇ ಎದೆ ಝಲ್ಲೆನ್ನುವುದು. ಚಕ್ರದ ಸುತ್ತಳತೆ 2.05 ಮೀಟರ್, ಡಿಫರೆನ್ಷಿಯಲ್ 3.73. ಗಂಟೆಗೆ 200 ಕಿ.ಮೀ. ಓಡುವಾಗ ಚಕ್ರ ಸೆಕೆಂಡಿಗೆ 27 ಸುತ್ತು, ಶಾಫ್ಟ್ 101 ಸುತ್ತು. ನಿಮಿಷಕ್ಕೆ 6,000 ಚಿಲ್ಲರೆ. ಮೇಲಿನ ಮೂರರಲ್ಲಿ ಒಂದೂ ಇದಕ್ಕೆ ಸಾಲದು. 76 ಮಿ.ಮೀ. ಉಕ್ಕು ಗಂಟೆಗೆ 140 ಕಿ.ಮೀ. ಹತ್ತಿರ ಬರುವಾಗಲೇ ತನ್ನ ಸುರಕ್ಷಿತ ಮಿತಿ ಮುಟ್ಟಿರುತ್ತದೆ. 102 ಮಿ.ಮೀ. ಅಲ್ಯೂಮಿನಿಯಂ 180 ದಾಟಿ ಸ್ವಲ್ಪ ಹೋಗುತ್ತದೆ.

ಇನ್ನು ಚುರುಕು ಬೇಕು ಅಂತ ಡಿಫರೆನ್ಷಿಯಲ್ಲಿನ ಕ್ರೌನ್ ಪಿನಿಯನ್ (ಅನುಪಾತ ತೀರ್ಮಾನಿಸುವ ಹಲ್ಲುಚಕ್ರದ ಜೋಡಿ) ಬದಲಾಯಿಸಿ 4.10 ಹಾಕಿದರೆ ಅದೇ 200 ಕಿ.ಮೀ.ಗೆ ಶಾಫ್ಟ್ 6,600 ದಾಟುತ್ತದೆ. ಎಂಜಿನ್ ಮುಟ್ಟಿಲ್ಲ, ಶಾಫ್ಟ್ ಮುಟ್ಟಿಲ್ಲ, ಆದರೂ ಶಾಫ್ಟಿನ ಮಿತಿ ಹತ್ತಿರ ಬಂತು. ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರ್ ನೋಡಿ ಸಮಾಧಾನ ಪಡುವ ಹಾಗೂ ಇಲ್ಲ. ಮೇಲಿನ ಗೇರುಗಳಲ್ಲಿ ಶಾಫ್ಟ್ ಎಂಜಿನ್ನಿಗಿಂತ ಜೋರಾಗಿ ತಿರುಗುತ್ತದೆ. ಅನುಪಾತ 0.65 ಇರುವ ಆರನೇ ಗೇರಿನಲ್ಲಿ ಎಂಜಿನ್ ಆರಾಮಾಗಿ 4,000ದಲ್ಲಿದ್ದರೆ ಶಾಫ್ಟ್ 6,150ರಲ್ಲಿರುತ್ತದೆ.

ಕಾರ್ಖಾನೆಯವರಿಗೂ ಇದು ತಲೆನೋವೇ. ಫೋರ್ಡ್‌ನ ಕ್ರೌನ್ ವಿಕ್ಟೋರಿಯಾ ಪೊಲೀಸ್ ಕಾರಿನಲ್ಲಿ 3.55ರ ಡಿಫರೆನ್ಷಿಯಲ್ ಇದ್ದವಕ್ಕೆ ಗಂಟೆಗೆ ಸುಮಾರು 190 ಕಿ.ಮೀ.ಗೆ ಎಲೆಕ್ಟ್ರಾನಿಕ್ ಕಡಿವಾಣ ಹಾಕಿದ್ದರು. ಎಂಜಿನ್ನಿಗೆ ದಮ್ಮಿಲ್ಲ ಅಂತ ಅಲ್ಲ, ಶಾಫ್ಟಿನ ಕ್ರಿಟಿಕಲ್ ಸ್ಪೀಡಿನ ಸಲುವಾಗಿ.

ಹಳೆಯ ಎರಡು ತುಂಡಿನ ಶಾಫ್ಟನ್ನು ಬೈಯುವ ಮೊದಲು

ಬಹಳ ಕಾರುಗಳಲ್ಲಿ ಕಂಪನಿಯೇ ಶಾಫ್ಟನ್ನು ಎರಡು ತುಂಡು ಮಾಡಿ ನಡುವೆ ಸೆಂಟರ್ ಬೇರಿಂಗ್ ಕೂರಿಸಿರುತ್ತದೆ. ತೂಕ ಜಾಸ್ತಿ, ಕ್ರಾಸ್ ಒಂದು ಜಾಸ್ತಿ, ರಬ್ಬರ್ ಹರಿದರೆ ಗಡಗಡ ಸದ್ದು. ಹಾಗಾಗಿ ಪರ್ಫಾರ್ಮೆನ್ಸ್ ಹುಚ್ಚಿನವರು ಮೊದಲು ಕಿತ್ತೆಸೆಯುವುದು ಇದನ್ನೇ. "ಒಂದೇ ತುಂಡಿನ ಅಲ್ಯೂಮಿನಿಯಂ ಹಾಕಿ, ಅಷ್ಟು ಕಿಲೋ ಉಳಿಯುತ್ತೆ" ಅಂತ ಜಾಹೀರಾತು ಬೇರೆ.

ಮೇಲಿನ ಲೆಕ್ಕವನ್ನೇ ಇಲ್ಲಿಗೆ ತನ್ನಿ. ಒಂದೂವರೆ ಮೀಟರಿನ ಶಾಫ್ಟ್ ಮುಕ್ಕಾಲು ಮೀಟರಿನ ಎರಡು ತುಂಡುಗಳಾದರೆ ಪ್ರತಿ ತುಂಡಿನ ಕ್ರಿಟಿಕಲ್ ಸ್ಪೀಡ್ ನಾಲ್ಕು ಪಟ್ಟು. 76 ಮಿ.ಮೀ. ಉಕ್ಕಿನಲ್ಲೇ 22,000 ಆಸುಪಾಸು. ಬೇರಿಂಗಿನ ರಬ್ಬರ್ ಮೆತ್ತಗಿರುವುದರಿಂದ ಅಷ್ಟೂ ಕೈಗೆ ಸಿಗುವುದಿಲ್ಲ, ಆದರೂ ಒಂದೇ ತುಂಡಿನ ಯಾವ ಲೋಹದ ಶಾಫ್ಟೂ ಇದರ ಹತ್ತಿರ ಸುಳಿಯುವುದಿಲ್ಲ. ನೀವು ಬೈದ ಆ ಪೆದ್ದು ಉಕ್ಕಿನ ಜೋಡಣೆ ವೇಗದ ವಿಷಯದಲ್ಲಿ ರಾಜ. ಅದನ್ನು ತೆಗೆದು ಒಂದೇ ತುಂಡಿನ ಅಲ್ಯೂಮಿನಿಯಂ ಹಾಕಿಸಿದವರು ಕೆಲವು ಕಿಲೋ ಉಳಿಸಿ, ಕಾರಿನ ಗರಿಷ್ಠ ವೇಗದ ಮೇಲೆ ತಮಗೇ ಗೊತ್ತಿಲ್ಲದ ಒಂದು ಛಾವಣಿ ಕಟ್ಟಿಕೊಂಡಿರುತ್ತಾರೆ. ಕಾಲು ಮೈಲಿಯ ಡ್ರ್ಯಾಗ್ ಓಟಕ್ಕೆ ಅದು ಪರವಾಗಿಲ್ಲದಿರಬಹುದು. ರೇಸ್ ಟ್ರ್ಯಾಕಿನ ಉದ್ದನೆಯ ನೇರ ದಾರಿಗೆ ಅದೇ ಅಪಾಯ.

ಈಗ ವಸ್ತುಗಳ ಸರದಿ

ಸಾಧಾರಣ ಉಕ್ಕು ಅಗ್ಗ, ಎಲ್ಲಿ ಬೇಕಾದರೂ ಬೆಸುಗೆ ಹಾಕಬಹುದು, ಕಲ್ಲೇಟಿಗೆ ಹೆದರುವುದಿಲ್ಲ. ಇನ್ನೊಂದು ದೊಡ್ಡ ಗುಣ ಅದಕ್ಕಿದೆ. ಒಂದು ಮಿತಿಯ ಕೆಳಗಿನ ಬಲವನ್ನು ಎಷ್ಟು ಕೋಟಿ ಸಲ ಹಾಕಿದರೂ ಉಕ್ಕು ದಣಿದು ಬಿರುಕು ಬಿಡುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಈ ವರ ಇಲ್ಲ. ಸಣ್ಣ ಬಲವೇ ಆದರೂ ಸಾಕಷ್ಟು ಸಲ ಬಿದ್ದರೆ ಅದು ಒಂದು ದಿನ ಸೋಲುತ್ತದೆ.

ಕ್ರೋಮೋಲಿ, ಅಂದರೆ 4130 ಉಕ್ಕು, ಹೆಚ್ಚು ಗಟ್ಟಿ. ಶಾಖ ಸಂಸ್ಕರಣೆ ಮಾಡಿದರಂತೂ ಸಾಧಾರಣ ಉಕ್ಕಿನ ದುಪ್ಪಟ್ಟು ಬಲ ಬರುತ್ತದೆ. ಆದರೆ ಅದರ ಬಿಗಿತ ಸಾಧಾರಣ ಉಕ್ಕಿನಷ್ಟೇ, ಸಾಂದ್ರತೆಯೂ ಅಷ್ಟೇ. ಆದ್ದರಿಂದ ಕ್ರೋಮೋಲಿಯಿಂದ ಕ್ರಿಟಿಕಲ್ ಸ್ಪೀಡ್ ಒಂದು ಆರ್‌ಪಿಎಂ ಕೂಡ ಏರುವುದಿಲ್ಲ. ಅಂಟುವ ಟೈರ್, ಧಡಕ್ಕನೆ ಬಿಡುವ ಕ್ಲಚ್, ಗಿಡ್ಡ ಓಟ ಇದ್ದವರಿಗೆ ಇದು ಚಿನ್ನ. ಉಳಿದವರು ಸುಮ್ನೆ ಹೆಸರಿಗೆ ದುಡ್ಡು ಕೊಟ್ಟಂತೆ.

ಅಲ್ಯೂಮಿನಿಯಂ ಅಂದರೆ ಇಲ್ಲಿ ಬಹುಪಾಲು 6061-ಟಿ6. ಮೇಲೆ ಹೇಳಿದ 1,800 ನ್ಯೂಟನ್ ಮೀಟರನ್ನು 89 ಮಿ.ಮೀ. ವ್ಯಾಸ, 3.2 ಮಿ.ಮೀ. ಗೋಡೆಯ ಅಲ್ಯೂಮಿನಿಯಂ ಕೊಳವೆಗೆ ಹಾಕಿದರೆ ಒತ್ತಡ 50 ಮೆಗಾಪಾಸ್ಕಲ್ ಮಾತ್ರ. ಉಕ್ಕಿನ ಕೊಳವೆಯಲ್ಲಿ ಹುಟ್ಟಿದ್ದರ ಅರ್ಧ. ಇದರಲ್ಲಿ ದಪ್ಪ ಗೋಡೆಯ ಪಾಲೂ ಇದೆ, ವ್ಯಾಸದ ಮಹಿಮೆಯೂ ಇದೆ. ಒಂದು ಹಾಳೆಯನ್ನು ಪೆನ್ಸಿಲ್ ದಪ್ಪಕ್ಕೆ ಸುತ್ತಿ ಬಾಗಿಸಿ ನೋಡಿ, ಅದೇ ಅಗಲದ ಹಾಳೆಯನ್ನು ಲೋಟದ ದಪ್ಪಕ್ಕೆ ಸುತ್ತಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ತೊಂದರೆ ಇರುವುದು ಬೆಸುಗೆಯಲ್ಲಿ. ಟಿ6 ಅನ್ನುವ ಬಲ ಬಂದದ್ದೇ ಶಾಖ ಸಂಸ್ಕರಣೆಯಿಂದ. ಬೆಸುಗೆಯ ಬಿಸಿ ಆ ಸಂಸ್ಕಾರವನ್ನು ಅಳಿಸಿಹಾಕುತ್ತದೆ. ಬೆಸುಗೆಯ ಪಕ್ಕದ ಪಟ್ಟಿಯಲ್ಲಿ ಶೇ. 40ರ ಆಸುಪಾಸು ಬಲ ಹೋಗಿರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಹೊಳೆಯುತ್ತಲೇ ಇರುತ್ತದೆ. ಹಾಗಾಗಿ ಅಲ್ಯೂಮಿನಿಯಂ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿಸುವ ಕೆಲಸವನ್ನು ಬಾಗಿಲ ಗ್ರಿಲ್ಲಿಗೆ ಬೆಸುಗೆ ಹಾಕುವವರ ಕೈಗೆ ಕೊಡಬೇಡಿ.

ಅಲ್ಯೂಮಿನಿಯಮ್ಮಿಗೆ ಸೆರಾಮಿಕ್ ಕಣ ಬೆರೆಸಿದರೆ ತೂಕ ಅಷ್ಟೇನೂ ಏರದೆ ಬಿಗಿತ ಹೆಚ್ಚುತ್ತದೆ. ಮೂರು ಲೋಹಗಳಿಗೂ ಇದ್ದ ಆ 26ರ ಶಾಪದಿಂದ ಪಾರಾಗಲು ಇದು ಒಂದು ದಾರಿ. 1990ರ ದಶಕದ ಕೊನೆಯಲ್ಲಿ ಕಾರ್ವೆಟ್ ಕಾರಿನಲ್ಲಿ ಇಂಥ ಶಾಫ್ಟ್ ಬಂತು. ಮೇಲೆ ಹೇಳಿದ ಕ್ರೌನ್ ವಿಕ್ಟೋರಿಯಾ ಪೊಲೀಸ್ ಕಾರಿನಲ್ಲೂ ಕೆಲವು ವರ್ಷ ಇತ್ತು. ಟೈಟಾನಿಯಂ ಬಗ್ಗೆ ಒಂದೇ ಮಾತು: ದುಡ್ಡು ಜಾಸ್ತಿ, ಅಂಕಿ ಅದೇ 26, ಮುಂದಕ್ಕೆ ಹೋಗೋಣ.

ಕಾರ್ಬನ್ ಫೈಬರ್ ಬೇರೆಯದೇ ಜಾತಿ. ಲೋಹಕ್ಕೆ ಎಲ್ಲ ದಿಕ್ಕಿನಲ್ಲೂ ಒಂದೇ ಗುಣ. ಕಾರ್ಬನ್ನಿಗೆ ಎಳೆ ಹೋದ ದಿಕ್ಕಿನಲ್ಲಿ ಮಾತ್ರ ತಾಕತ್ತು. ಹಾಗಾಗಿ ಕಾರ್ಬನ್ ಶಾಫ್ಟ್ ಅಂದರೆ ಒಂದು ವಸ್ತು ಅಲ್ಲ, ಒಂದು ನೇಯ್ಗೆ. ಒಂದು ಸೀಮೆಸುಣ್ಣ ತೆಗೆದುಕೊಂಡು ಎರಡೂ ತುದಿ ಹಿಡಿದು ತಿರುಚಿ. ಬಾಗಿಸಬೇಡಿ, ಬರೀ ತಿರುಚಿ. ಅದು ನೇರವಾಗಿ ಅಡ್ಡಕ್ಕೆ ಮುರಿಯುವುದಿಲ್ಲ, ಬಳ್ಳಿ ಸುತ್ತಿದ ಹಾಗೆ ಓರೆಯಾಗಿ ಮುರಿಯುತ್ತದೆ, ಸುಮಾರು 45 ಡಿಗ್ರಿಯಲ್ಲಿ. ತಿರುಚಿದಾಗ ಎಳೆತ ಹೋಗುವುದು ಆ ಓರೆ ದಾರಿಯಲ್ಲೇ. ಅದಕ್ಕೇ ಟಾರ್ಕ್ ಹೊರುವ ಎಳೆಗಳನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿಯಲ್ಲಿ ಸುತ್ತುತ್ತಾರೆ. ಆದರೆ ಕೊಳವೆ ಬಾಗದಂತೆ ತಡೆಯಲು, ಅಂದರೆ ಕ್ರಿಟಿಕಲ್ ಸ್ಪೀಡ್ ಏರಿಸಲು, ಎಳೆ ಉದ್ದಕ್ಕೆ ಹೋಗಿರಬೇಕು. ಅದಕ್ಕೆ 10-15 ಡಿಗ್ರಿಯಲ್ಲಿ ಇನ್ನೊಂದು ಪದರ. ಕೊಳವೆ ಸೊಟ್ಟಗಾಗಿ ಕುಸಿಯದಂತೆ ಬಳೆಯ ಹಾಗೆ ಅಡ್ಡಕ್ಕೆ ಮತ್ತೊಂದು. ಪದರ ಯಾವುದು ಎಷ್ಟು ಅನ್ನುವುದೇ ತಯಾರಕರ ಗುಟ್ಟು. ಹೊರಗಿನಿಂದ ಒಂದೇ ತರ ಕಾಣುವ ಎರಡು ಕಪ್ಪು ಶಾಫ್ಟುಗಳಲ್ಲಿ ಒಂದು ಡ್ರ್ಯಾಗ್ ರೇಸಿಗೂ ಇನ್ನೊಂದು ಅತಿ ವೇಗಕ್ಕೂ ಮಾಡಿದ್ದಿರಬಹುದು. ಕೊಳ್ಳುವಾಗ ಹೊಳಪು ನೋಡಬೇಡಿ, ನಿಮ್ಮ ಉದ್ದಕ್ಕೆ ಎಷ್ಟು ಟಾರ್ಕ್, ಎಷ್ಟು ಆರ್‌ಪಿಎಂ ಅಂತ ಬರಹದಲ್ಲಿ ಕೇಳಿ.

ಉದ್ದಕ್ಕೆ ಸುತ್ತಿದ ಎಳೆ ಜಾಸ್ತಿ ಇರುವ ಕೊಳವೆಯ ಬಿಗಿತ 90 ಗಿಗಾಪಾಸ್ಕಲ್, ಸಾಂದ್ರತೆ 1,580 ಅಂತ ಹಿಡಿದರೆ ಭಾಗಲಬ್ಧ 57. ಲೋಹದ 26ರ ಎರಡು ಪಟ್ಟಿಗಿಂತ ಜಾಸ್ತಿ. ವರ್ಗಮೂಲ ತೆಗೆದಾಗ ವೇಗದಲ್ಲಿ ಒಂದೂವರೆ ಪಟ್ಟು. ನಮ್ಮ ಒಂದೂವರೆ ಮೀಟರಿಗೆ, 95 ಮಿ.ಮೀ. ವ್ಯಾಸದಲ್ಲಿ, ಕ್ರಿಟಿಕಲ್ ಸ್ಪೀಡ್ 10,000 ದಾಟುತ್ತದೆ. ಮುಕ್ಕಾಲು ಪಾಲು ನಂಬಿದರೂ 3.73ರ ಡಿಫರೆನ್ಷಿಯಲ್ಲಿನಲ್ಲಿ ಗಂಟೆಗೆ 250 ಕಿ.ಮೀ. ಮುಟ್ಟಬಹುದು. ಉದ್ದನೆಯ ಶಾಫ್ಟು, ಒಂದೇ ತುಂಡು, ಜೋರು ವೇಗ, ಮೂರೂ ಬೇಕು ಅಂದರೆ ಕಾರ್ಬನ್ ಮಾತ್ರ ಉತ್ತರ. 2013ರ ಫೋರ್ಡ್ ಶೆಲ್ಬಿ ಜಿಟಿ500ನಲ್ಲಿ 662 ಹಾರ್ಸ್‌ಪವರ್ ಇತ್ತು, ಗುರಿ ಗಂಟೆಗೆ 200 ಮೈಲಿ. ಅಲ್ಲಿ ಎರಡು ತುಂಡಿನ ಉಕ್ಕಿನ ಶಾಫ್ಟ್ ತೆಗೆದು ಒಂದೇ ತುಂಡಿನ ಕಾರ್ಬನ್ ಕೂರಿಸಿದರು. ನಿಸಾನ್ ಜಿಟಿ-ಆರ್, ಮಜ್ದಾ ಆರ್‌ಎಕ್ಸ್-8 ಕಾರುಗಳಲ್ಲೂ ಕಾರ್ಬನ್ ಶಾಫ್ಟ್ ಕಂಪನಿಯಿಂದಲೇ ಬಂದಿತ್ತು.

ಆದರೆ ಬಿಎಂಡಬ್ಲ್ಯು ಎಂ3, ಎಂ4 ಕಾರುಗಳ ಕಥೆ ಕೇಳಿ. 2014ರಲ್ಲಿ ಒಂದೇ ತುಂಡಿನ ಕಾರ್ಬನ್ ಶಾಫ್ಟ್ ಹಾಕಿ, ಶೇ. 40 ತೂಕ ಇಳಿಸಿದೆವು ಅಂತ ಕಂಪನಿ ಹೆಮ್ಮೆಯಿಂದ ಹೇಳಿಕೊಂಡಿತು. 2017ರ ಕೊನೆಗೆ ಅದನ್ನೇ ಬಿಟ್ಟು ಉಕ್ಕಿನ ಶಾಫ್ಟಿಗೆ ಮರಳಿತು. ಶಾಫ್ಟ್ ಕೆಟ್ಟದ್ದೆಂದಲ್ಲ. ಹೊಗೆಯ ಕಣ ಹಿಡಿಯುವ ಹೊಸ ಫಿಲ್ಟರ್ ಎಕ್ಸಾಸ್ಟಿನಲ್ಲಿ ಕೂರಿಸಬೇಕಿತ್ತು, ದಪ್ಪನೆಯ ಕಾರ್ಬನ್ ಕೊಳವೆ ಪಕ್ಕದಲ್ಲಿದ್ದರೆ ಜಾಗ ಸಾಲುತ್ತಿರಲಿಲ್ಲ. ನಿಮ್ಮ ಕಾರಿನ ಅಡಿಯಲ್ಲೂ ಇದೇ ಲೆಕ್ಕ. 102 ಮಿ.ಮೀ. ಕೊಳವೆ, ಕಾರಿನ ತಳದಲ್ಲಿ ಶಾಫ್ಟಿಗೆಂದು ಬಿಟ್ಟ ಸುರಂಗದಲ್ಲಿ ತೂರುತ್ತಾ? ಹಿಂದಿನ ಆಕ್ಸಲ್ ಮೇಲೆ ಕೆಳಗೆ ಆದಾಗ ಎಕ್ಸಾಸ್ಟಿಗೆ ತಾಗುವುದಿಲ್ಲವಾ? ಎಷ್ಟೋ ಸಲ ವಸ್ತುವನ್ನು ಆರಿಸುವುದು ನೀವಲ್ಲ, ಆ ಸುರಂಗ.

ಕಾರ್ಬನ್ನಿನ ಕಷ್ಟಗಳೂ ಕಡಿಮೆಯಿಲ್ಲ. ಎಳೆಗಳನ್ನು ಹಿಡಿದಿರುವ ಎಪಾಕ್ಸಿಗೆ ಬಿಸಿ ಆಗದು. ಸಾಧಾರಣ ಎಪಾಕ್ಸಿಗಳು 120 ಡಿಗ್ರಿ ಸುತ್ತಮುತ್ತ ಮೆತ್ತಗಾಗಲು ಶುರುವಾಗುತ್ತವೆ, ಪಕ್ಕದ ಎಕ್ಸಾಸ್ಟ್ ಪೈಪು ನೂರಾರು ಡಿಗ್ರಿಯಲ್ಲಿ ಕಾದಿರುತ್ತದೆ. ಶಾಖ ತಡೆಯುವ ತಗಡು ಬೇಕೇ ಬೇಕು. ತುದಿಯ ಯೋಕ್ ಲೋಹದ್ದೇ, ಕೊಳವೆಗೆ ಅಂಟಿಸಿರುತ್ತಾರೆ. ನಿಜವಾದ ಸತ್ವಪರೀಕ್ಷೆ ಆ ಅಂಟಿಗೇ. ಯೋಕ್ ಅಲ್ಯೂಮಿನಿಯಮ್ಮಿನದಾದರೆ ಕಾರ್ಬನ್ನಿಗೆ ನೇರವಾಗಿ ತಾಗಬಾರದು, ತೇವ ಸೇರಿದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಒಳ್ಳೆಯ ತಯಾರಕರು ನಡುವೆ ಗಾಜಿನ ಎಳೆಯ ಪದರ ಹಾಕುತ್ತಾರೆ. ಕಲ್ಲು ಬಡಿದರೆ ಉಕ್ಕು ತಗ್ಗು ಬೀಳುತ್ತದೆ, ಕಾಣುತ್ತದೆ. ಕಾರ್ಬನ್ ಹೊರಗೆ ಚೆನ್ನಾಗಿಯೇ ಕಂಡು ಒಳಗೆ ಪದರ ಬಿಟ್ಟಿರಬಹುದು. ಸೋತಾಗ ಮಾತ್ರ ಅದು ಸಾಧು. ಉಕ್ಕಿನ ಶಾಫ್ಟ್ ಮುರಿದರೆ ಗದೆಯಂತೆ ತಿರುಗಿ ಸಿಕ್ಕಿದ್ದನ್ನೆಲ್ಲ ಬಡಿಯುತ್ತದೆ, ಕಾರ್ಬನ್ ಎಳೆ ಎಳೆಯಾಗಿ ಪೊರಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ.

ಸದ್ದಿನ ವಿಷಯಕ್ಕೂ ಒಂದು ಮಾತು. ಬಿಚ್ಚಿಟ್ಟ ಉಕ್ಕಿನ ಕೊಳವೆಯನ್ನು ಗೆಣ್ಣಿನಿಂದ ಕುಟ್ಟಿ, ಗಂಟೆಯ ಹಾಗೆ ನುಡಿಯುತ್ತದೆ. ಕಾರ್ಬನ್ ಟಪ್ ಅಂದು ಸುಮ್ಮನಾಗುತ್ತದೆ. ಡಿಫರೆನ್ಷಿಯಲ್ಲಿನ ಗುಂಯ್ ಸದ್ದನ್ನು ಲೋಹದ ಕೊಳವೆ ತಂಬೂರಿಯ ಹಾಗೆ ಹಿಗ್ಗಿಸಿ ಕೊಡುತ್ತದೆ, ಕಾರ್ಬನ್ ನುಂಗಿಕೊಳ್ಳುತ್ತದೆ. ಲೋಹದ ಶಾಫ್ಟುಗಳ ಹೊಟ್ಟೆಯೊಳಗೆ ಕಾರ್ಖಾನೆಯವರು ರಟ್ಟಿನ ಸುರುಳಿ ತೂರಿಸುವುದು ಈ ಸದ್ದಿಗೇ. ಹಳೆ ಶಾಫ್ಟ್ ಕತ್ತರಿಸಿದಾಗ ಒಳಗಿನಿಂದ ರಟ್ಟು ಬಿದ್ದರೆ ಯಾರೋ ಮೋಸ ಮಾಡಿದ್ದಾರೆ ಅಂದುಕೊಳ್ಳಬೇಡಿ.

"ಹತ್ತು ಹಾರ್ಸ್‌ಪವರ್ ಉಳಿಯುತ್ತೆ" ಅನ್ನುವ ಮಾತು

ತಿರುಗುವ ತೂಕ ಕಡಿಮೆಯಾದರೆ ಕಾರು ಚಿಮ್ಮುತ್ತದೆ ಅನ್ನುವುದು ಶಾಫ್ಟ್ ಮಾರುವವರ ಮೆಚ್ಚಿನ ಮಂತ್ರ. ಲೆಕ್ಕ ಮಾಡೋಣ. ನಮ್ಮ ಉಕ್ಕಿನ ಕೊಳವೆಯ ತೂಕ 5.7 ಕಿಲೋ, 89 ಮಿ.ಮೀ. ಅಲ್ಯೂಮಿನಿಯಂ ಕೊಳವೆಯದು 3.5. ಉಳಿದದ್ದು ಎರಡು ಕಿಲೋ ಚಿಲ್ಲರೆ. ಆದರೆ ಅಲ್ಯೂಮಿನಿಯಂ ಕೊಳವೆ ದಪ್ಪ ಇರುವುದರಿಂದ ಅದರ ತೂಕ ನಡುಗೆರೆಯಿಂದ ಇನ್ನೂ ದೂರದಲ್ಲಿದೆ. ಹಾಗಾಗಿ ತಿರುಗುವ ಜಡತ್ವ ಶೇ. 18 ಮಾತ್ರ ಇಳಿಯುತ್ತದೆ. ಶಾಫ್ಟ್ ಚಕ್ರಕ್ಕಿಂತ 3.73 ಪಟ್ಟು ಜೋರಾಗಿ ತಿರುಗುತ್ತದೆ ಅನ್ನುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ, ತಿರುಗುವಿಕೆಯಿಂದ ಸಿಗುವ ಲಾಭ ಕಾರಿನಿಂದ 200 ಗ್ರಾಂ ಇಳಿಸಿದ್ದಕ್ಕೆ ಸಮ. ಜೇಬಿನ ಮೊಬೈಲನ್ನು ಮನೆಯಲ್ಲಿ ಬಿಟ್ಟು ಬಂದಷ್ಟು. ಕೊಳವೆಯ ವ್ಯಾಸ ಚಿಕ್ಕದು, ಚಕ್ರದ್ದು ದೊಡ್ಡದು. ತಿರುಗುವ ತೂಕ ಇಳಿಸುವ ಆಸೆ ಇದ್ದರೆ ಆ ದುಡ್ಡನ್ನು ಚಕ್ರಕ್ಕೆ ಹಾಕಿ.

ಬ್ಯಾಲೆನ್ಸಿಂಗ್ ಹಾಗಲ್ಲ, ಅಲ್ಲಿ ಗ್ರಾಮೂ ಲೆಕ್ಕಕ್ಕೆ ಬರುತ್ತದೆ. ಶಾಫ್ಟಿನ ಮೈಗೆ ಅಂಟಿಸಿರುವ ಬೆರಳುಗುರಿನಷ್ಟು ತಗಡಿನ ಚೂರನ್ನು ಗಮನಿಸಿದ್ದೀರಾ? ಅದು 10 ಗ್ರಾಂ ಇದ್ದು ಕಳಚಿ ಬಿತ್ತು ಅಂದುಕೊಳ್ಳಿ. 6,000 ಆರ್‌ಪಿಎಂನಲ್ಲಿ ಶಾಫ್ಟನ್ನು 16 ಕಿಲೋ ಭಾರದಷ್ಟು ಬಲ ಪಕ್ಕಕ್ಕೆ ಎಳೆಯುತ್ತಿರುತ್ತದೆ, ಅದೂ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತಾ. ಆದ್ದರಿಂದ ಎಷ್ಟೇ ಒಳ್ಳೆಯ ಕೊಳವೆ ತಂದರೂ, ಅದು ಓಡುವ ವೇಗದ ಹತ್ತಿರದಲ್ಲೇ ಬ್ಯಾಲೆನ್ಸ್ ಮಾಡಿಸಿ. ಉದ್ದ ಅಳೆಯುವಾಗ ಕಾರಿನ ಭಾರ ಚಕ್ರದ ಮೇಲೇ ಇರಲಿ. ಲಿಫ್ಟಿನಲ್ಲಿ ಆಕ್ಸಲ್ ಜೋತುಬಿದ್ದಾಗ ಅಳೆದರೆ ಅಳತೆ ತಪ್ಪುತ್ತದೆ.

ನನ್ನನ್ನು ಕೇಳಿದರೆ, ರಸ್ತೆಯಲ್ಲೂ ಆಗಾಗ ಟ್ರ್ಯಾಕಿನಲ್ಲೂ ಓಡುವ ಕಾರಿಗೆ ಕಂಪನಿಯ ಎರಡು ತುಂಡಿನ ಉಕ್ಕಿನ ಶಾಫ್ಟನ್ನೇ ಉಳಿಸಿಕೊಂಡು, ಹೊಸ ಕ್ರಾಸು, ಹೊಸ ಸೆಂಟರ್ ಬೇರಿಂಗ್ ಹಾಕಿ, ಬ್ಯಾಲೆನ್ಸ್ ಮಾಡಿಸುತ್ತೇನೆ. ಡ್ರ್ಯಾಗ್ ಓಟಕ್ಕೆ ಮಾತ್ರ ಅಂದರೆ ಕ್ರೋಮೋಲಿ. ಗಿಡ್ಡ ಶಾಫ್ಟು, ಮಿತವಾದ ವೇಗ, ಸುರಂಗದಲ್ಲಿ ಜಾಗ ಇದ್ದರೆ ಅಲ್ಯೂಮಿನಿಯಂ. ಕಾರ್ಬನ್ನಿಗೆ ಕೈ ಹಾಕುವುದು ಲೆಕ್ಕದಲ್ಲಿ ಬೇರೆ ಯಾವುದೂ ಆ ಆರ್‌ಪಿಎಂ ಮುಟ್ಟದಿದ್ದಾಗ. ಯಾವುದೇ ಹಾಕಿದರೂ ಶಾಫ್ಟಿನ ಮುಂದಿನ ತುದಿಗೆ ಉಕ್ಕಿನ ಲೂಪ್ (ಶಾಫ್ಟ್ ಕೆಳಗೆ ಬೀಳದಂತೆ ಸುತ್ತ ಹಾಯಿಸಿದ ಬಳೆ) ಹಾಕಿಸದೆ ಬಿಡುವುದಿಲ್ಲ. ಮುಂದಿನ ಕ್ರಾಸ್ ಮುರಿದು ಶಾಫ್ಟ್ ನೆಲಕ್ಕೆ ಬಿದ್ದರೆ ಕೋಲು ಊರಿ ಜಿಗಿದ ಹಾಗೆ ಕಾರೇ ಮೇಲೇಳಬಹುದು. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮಗಳಲ್ಲಿ ವೇಗದ ಕಾರುಗಳಿಗೆ ಈ ಲೂಪ್ ಕಡ್ಡಾಯ, ಮುಂದಿನ ಕ್ರಾಸಿನಿಂದ 6 ಇಂಚಿನ ಒಳಗೇ ಇರಬೇಕು.

ಲೋಹದ ಶಾಫ್ಟ್ ಕೂರಿಸಿದ ದಿನ ಇನ್ನೂ ಒಂದು ಸಣ್ಣ ಕೆಲಸ ಮಾಡಿ. ಕೊಳವೆಯ ಮೇಲೆ ಈ ತುದಿಯಿಂದ ಆ ತುದಿಗೆ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಟಾರ್ಕ್ ಬಿದ್ದಾಗ ಕೊಳವೆ ಎರಡು ಮೂರು ಡಿಗ್ರಿ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಮತ್ತೆ ನೇರವಾಗುತ್ತದೆ. ಹಾಗೆ ನೇರವಾಗುತ್ತಿರುವವರೆಗೆ ಚಿಂತೆಯಿಲ್ಲ. ಪ್ರತಿ ಸಲ ಕಾರು ಲಿಫ್ಟಿಗೆ ಏರಿದಾಗ ಟಾರ್ಚ್ ಬಿಟ್ಟು ಆ ಗೆರೆ ನೋಡಿ. ಎಲ್ಲೂ ಬಿರುಕಿಲ್ಲ, ಸದ್ದಿಲ್ಲ, ಆದರೂ ಗೆರೆ ಬಳ್ಳಿಯ ಹಾಗೆ ಸ್ವಲ್ಪ ಸುತ್ತಿಕೊಂಡಿದೆ ಅಂದರೆ ಆ ಶಾಫ್ಟನ್ನು ಅವತ್ತೇ ಬಿಚ್ಚಿ ಪಕ್ಕಕ್ಕಿಡಿ.